ಕಾವುಪೆಟ್ಟಿಗೆಯೂ ತಾಯಿಯೂ

ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಉಳಿಸಿಕೊಳ್ಳುವ ವಿದ್ಯೆಯ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಯಂತ್ರಗಳ ಚರಿತ್ರೆಯನ್ನು ಬರೆದಿರುವರು. ಕಾವುಪೆಟ್ಟಿಗೆ, ಹಾಲೂಡುವ ನಾಳ, ಆಮ್ಲಜನಕ, ಉಸಿರಾಟದ ಯಂತ್ರ, ಶ್ವಾಸಕೋಶಕ್ಕೆ ಹಾಕುವ ಔಷಧ, ಹೀಗೆ ಒಂದಾದ ಮೇಲೊಂದರಂತೆ ಬಂದ ಸಾಧನಗಳನ್ನು ಅವು ಬಂದ ವರ್ಷಗಳೊಡನೆ ಹೇಳುತ್ತ ಹೋದರೆ ಅದು ಒಂದು ದಿಗ್ವಿಜಯದಂತೆ ಕಾಣುವುದು. ಈ ದಿಗ್ವಿಜಯದ ದಾರಿಯ ಬದಿಯಲ್ಲಿ ನಿಂತಿದ್ದ ಒಬ್ಬಳ ವಿಷಯವು ಅಲ್ಲಲ್ಲಿ ಒಂದೆರಡು ವಾಕ್ಯಗಳಲ್ಲಿ ಮಾತ್ರ ಬರುತ್ತದೆ. ಆಕೆ ಕೂಸಿನ ತಾಯಿ. ಕೂಸು ಆಸ್ಪತ್ರೆಯಲ್ಲಿ ಕಳೆಯುವ ಆ ವಾರಗಳಲ್ಲಿ, ಆ ತಿಂಗಳುಗಳಲ್ಲಿ, ತಾಯಿ ಎಲ್ಲಿದ್ದಳು? ಕೊಠಡಿಯ ಒಳಗೋ, ಗಾಜಿನ ಆಚೆಗೋ, ಮನೆಯಲ್ಲೋ? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಅದೇ ಚರಿತ್ರೆಯು ಬೇರೆ ರೂಪದಲ್ಲಿ ಕಾಣಿಸುತ್ತದೆ. ಮುಂದಕ್ಕೆ ಹೋದಂತೆ ಕಂಡದ್ದು ಕೆಲವೆಡೆ ಹಿಂದಕ್ಕೆ ಸರಿದದ್ದಾಗಿರುತ್ತದೆ.

ಕಥೆಯ ಆರಂಭವು ಕೋಳಿಯ ಮರಿಗಳಿಂದ. ಪ್ಯಾರಿಸ್ ನಗರದ ಮೆಟರ್ನಿಟೆ ಎಂಬ ಹೆರಿಗೆ ಆಸ್ಪತ್ರೆಯ ಪ್ರಸೂತಿವೈದ್ಯನಾಗಿದ್ದ ಸ್ತೆಫಾನ್ ತಾರ್ನಿಯೆ ಎಂಬವನು ಆ ನಗರದ ಪ್ರಾಣಿಸಂಗ್ರಹೋದ್ಯಾನದಲ್ಲಿ ಮೊಟ್ಟೆಗಳಿಗೆ ಕೃತಕವಾಗಿ ಕಾವು ಕೊಟ್ಟು ಮರಿಮಾಡಿಸುವ ಪೆಟ್ಟಿಗೆಯನ್ನು ಕಂಡನು. ಅಂಥದೊಂದನ್ನು ಕೂಸುಗಳಿಗಾಗಿ ಮಾಡಿಕೊಡುವಂತೆ ಅಲ್ಲಿಯ ಕುಶಲಕರ್ಮಿ ಒದೀಲ್ ಮಾರ್ತಾನ್ ಎಂಬವನನ್ನು ಕೇಳಿದನು. 1880ರ ಸುಮಾರಿಗೆ ಆ ಪೆಟ್ಟಿಗೆಯು ಆಸ್ಪತ್ರೆಗೆ ಬಂದಿತು. ಕೆಳಗಿನ ಅಂತಸ್ತಿನಲ್ಲಿ ಬಿಸಿನೀರು, ಮೇಲಿನದರಲ್ಲಿ ಕೂಸುಗಳು; ನಡುವೆ ಬೆಚ್ಚನೆಯ ಗಾಳಿ. ಇದರ ಹಿಂದೆಯೂ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್, ಫ್ರಾನ್ಸಿನ ಬೋರ್ದೊ, ಜರ್ಮನಿಯ ಲೈಪ್‌ಜಿಗ್ ನಗರಗಳಲ್ಲಿ ಇಬ್ಬದಿಯ ಗೋಡೆಯ ನಡುವೆ ಬಿಸಿನೀರು ತುಂಬಿದ ತೊಟ್ಟಿಗಳನ್ನು ವೈದ್ಯರು ಬಳಸಿದ್ದುಂಟು. ಆದರೆ ಫಲಿತಾಂಶವನ್ನು ಲೆಕ್ಕಹಾಕಿ ಲೋಕದ ಮುಂದಿಟ್ಟದ್ದು ತಾರ್ನಿಯೆಯ ಬಳಗ. ಆತನ ಶಿಷ್ಯನಾದ ಓವಾರ್ ಎಂಬವನು 1883ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2000 ಗ್ರಾಮಿಗಿಂತ ಕಡಿಮೆ ತೂಕದ ಕೂಸುಗಳಲ್ಲಿ ಸಾಯುವವರ ಪ್ರಮಾಣವು ನೂರಕ್ಕೆ 66ರಿಂದ 38ಕ್ಕೆ ಇಳಿಯಿತು.

ಶಬ್ದಾರ್ಥಚಿಂತನೆಯಲ್ಲಿ ಆಸಕ್ತಿಯುಳ್ಳವರು ಇಲ್ಲಿ ಒಂದು ಕ್ಷಣ ನಿಲ್ಲಬಹುದು. ಫ್ರೆಂಚರು ಈ ಪೆಟ್ಟಿಗೆಗೆ ಇಟ್ಟ ಹೆಸರು ಕೂವೆಜ್. ಆ ಭಾಷೆಯಲ್ಲಿ ಅದರ ಮೊದಲನೆಯ ಅರ್ಥ ಕಾವಿಗೆ ಕುಳಿತ ಹೆಣ್ಣುಕೋಳಿ. ಕನ್ನಡದ ‘ಕಾವು’ ಎಂಬ ಮಾತೂ ಮೊಟ್ಟೆಯ ಮೇಲೆ ಕುಳಿತ ಕೋಳಿಯನ್ನೇ ನೆನಪಿಗೆ ತರುವುದು. ತಾಯಿಯ ಹೆಸರನ್ನು ಹೊತ್ತ ಪೆಟ್ಟಿಗೆಯು ತಾಯಿಯ ಸ್ಥಳವನ್ನು ಆಕ್ರಮಿಸಿದ್ದು ಈ ಚರಿತ್ರೆಯ ಮೊದಲನೆಯ ವೈಚಿತ್ರ್ಯ.

ಆದರೆ ಆಕ್ರಮಣವು ಒಮ್ಮೆಲೇ ಆದುದಲ್ಲ. ತಾರ್ನಿಯೆಯ ಶಿಷ್ಯರಲ್ಲಿ ಅಗ್ರಗಣ್ಯನಾದ ಪಿಯೆರ್ ಬ್ಯುದಾನನು (1846–1907) ತಾಯಿಯನ್ನು ಮರೆತವನಲ್ಲ. ಆತನ ವಿಚಾರಗಳು 1900ರಲ್ಲಿ ಪ್ರಕಟವಾದ ‘ಲ ನುರಿಸೋನ್’ ಎಂಬ ಗ್ರಂಥದಲ್ಲಿವೆ. ಅದು 1907ರಲ್ಲಿ ಇಂಗ್ಲಿಷಿಗೆ ಬಂದಿತು. ದೇಹದ ಕಾವು, ಆಹಾರ, ರೋಗಗಳು, ಇವು ಮೂರು ದುರ್ಬಲ ಶಿಶುವಿನ ಮುಖ್ಯ ಸಮಸ್ಯೆಗಳೆಂದು ಆತನು ವಿಂಗಡಿಸಿದನು. ಇಂದಿನ ವೈದ್ಯರೂ ಈ ವಿಂಗಡಣೆಯನ್ನು ಅಲ್ಲಗಳೆಯಲಾರರು. ತಾಯಿಯ ಹಾಲೇ ಶ್ರೇಷ್ಠವೆಂಬುದರಲ್ಲಿ ಆತನಿಗೆ ಸಂಶಯವಿರಲಿಲ್ಲ. ಆದರೆ ಸರಿಯಾಗಿ ಚೀಪಲಾರದ ಕೂಸು ತಾಯಿಯ ಹಾಲನ್ನು ಬತ್ತಿಸಿಬಿಡುತ್ತದೆ. ಅದಕ್ಕೆ ಆತನು ಸೂಚಿಸಿದ ಉಪಾಯವು ಸರಳವಾಗಿತ್ತು: ಅಂಥ ತಾಯಿ ದಿನ ತುಂಬಿ ಹುಟ್ಟಿದ ಬೇರೊಂದು ಗಟ್ಟಿ ಕೂಸಿಗೂ ಮೊಲೆಯೂಡಿಸಲಿ, ಹಾಲು ನಿಲ್ಲದು. ಪೆಟ್ಟಿಗೆಯ ಪಕ್ಕಗಳನ್ನು ಗಾಜಿನಿಂದ ಮಾಡಿಸಿ, ತಾಯಿಗೆ ತನ್ನ ಕೂಸು ಕಾಣುವಂತೆ ಮಾಡಿದನು.

ಇಷ್ಟೊಂದು ಎಚ್ಚರಕ್ಕೆ ಕಾರಣವುಂಟು. ಮೆಟರ್ನಿಟೆಯಲ್ಲಿ ದುರ್ಬಲ ಶಿಶುಗಳಿಗಾಗಿ 1893ರಲ್ಲಿ ಒಂದು ಪ್ರತ್ಯೇಕ ಮಂದಿರವು ತೆರೆಯಿತು. ಅದನ್ನು ಕಟ್ಟಿ ನಿಲ್ಲಿಸಿದವಳು ಅಲ್ಲಿಯ ಮುಖ್ಯ ಸೂಲಗಿತ್ತಿಯಾಗಿದ್ದ ಆನ್ರಿ ಎಂಬಾಕೆ. 1895ರಲ್ಲಿ ಅದರ ಆಡಳಿತವು ಬ್ಯುದಾನನ ಕೈಗೆ ಬಂದಿತು. ಅಲ್ಲಿಗೆ ಬರುತ್ತಿದ್ದ ಕೂಸುಗಳಲ್ಲಿ ಅನೇಕವು ಹೊರಗೆ ಹುಟ್ಟಿದವು. ತಾಯಿ ಎಲ್ಲೋ, ಕೂಸು ಎಲ್ಲೋ. ಹಾಲೂಡುವ ದಾದಿಯರು ತಮ್ಮ ಸ್ವಂತ ಕೂಸುಗಳೊಡನೆ ಅಲ್ಲಿಯೇ ವಾಸಿಸುತ್ತ ಈ ಪರಶಿಶುಗಳಿಗೂ ಹಾಲೂಡುತ್ತಿದ್ದರು. ಬ್ಯುದಾನನು ಅಲ್ಲಿ ಕಂಡ ಒಂದು ಸಂಗತಿಯನ್ನು ತನ್ನ ಗ್ರಂಥದಲ್ಲಿ ಖೇದದಿಂದ ದಾಖಲಿಸಿರುವನು: ತಾವು ಆರೈಕೆ ಮಾಡದ ಕೂಸುಗಳಲ್ಲಿ ಕೆಲವು ತಾಯಂದಿರಿಗೆ ಆಸಕ್ತಿಯೇ ಅಳಿದುಹೋಗುತ್ತದೆ, ಅವರು ಅವುಗಳನ್ನು ತೊರೆದುಬಿಡುತ್ತಾರೆ, ಕೂಸು ಬದುಕಿತು, ಆದರೆ ತಾಯಿಯನ್ನು ಕಳೆದುಕೊಂಡಿತು. ಅಗಲಿಕೆಯ ಬೆಲೆ ಏನೆಂಬುದು 1900ರ ಹೊತ್ತಿಗೇ ಬರೆಹದಲ್ಲಿತ್ತು. ಮುಂದಿನ ಎಪ್ಪತ್ತು ವರ್ಷಗಳ ಕಾಲ ಅದನ್ನು ಓದಿದವರು ಇರಲಿಲ್ಲವೆಂದಲ್ಲ. ಓದಿದವರು ಆ ಪುಟವನ್ನು ದಾಟಿ ಹೋದರು.

ದಾಟಿ ಹೋದ ಬಗೆಯೂ ವಿಲಕ್ಷಣವಾದುದು. ಕಾವುಪೆಟ್ಟಿಗೆಯ ಪ್ರಸಾರವಾದದ್ದು ಆಸ್ಪತ್ರೆಗಳಿಗಿಂತ ಹೆಚ್ಚಾಗಿ ಜಾತ್ರೆಗಳ ಮೂಲಕ ಎಂದರೆ ಅತಿಶಯೋಕ್ತಿಯಾಗದು. ಫ್ರಾನ್ಸಿನ ನೀಸ್ ನಗರದಲ್ಲಿ ಅಲೆಕ್ಸಾಂದ್ರ ಲಿಯೋನ್ ಎಂಬ ವೈದ್ಯನು 1891ರಿಂದ ತನ್ನ ಪೆಟ್ಟಿಗೆಗಳಲ್ಲಿದ್ದ ಕೂಸುಗಳನ್ನು ನೋಡಬಂದವರಿಂದ ಹಣ ತೆಗೆದುಕೊಂಡು ಆ ಹಣದಿಂದ ಅವುಗಳನ್ನು ಪೋಷಿಸಿದನು. 1896ರ ಬರ್ಲಿನ್ ಪ್ರದರ್ಶನದಲ್ಲಿಯೂ ಜೀವಂತ ಕೂಸುಗಳು ಪೆಟ್ಟಿಗೆಗಳಲ್ಲಿ ಮಲಗಿದ್ದವು. ಅದನ್ನು ನಡೆಸಿದವನು ತಾನೆಂದೂ, ಬ್ಯುದಾನನ ಶಿಷ್ಯನಾಗಿ ಅಲ್ಲಿಗೆ ಹೋದೆನೆಂದೂ ಮಾರ್ಟಿನ್ ಕೌನಿ (1869–1950) ಮುಂದೆ ಹೇಳಿಕೊಂಡನು. ಚರಿತ್ರಕಾರರು ಈ ಮಾತನ್ನು ನಂಬುವುದಿಲ್ಲ. ಕೌನಿಯು ವೈದ್ಯಪದವಿಯನ್ನು ಪಡೆದಿದ್ದನೆಂಬುದಕ್ಕೂ ಆಧಾರ ಸಿಕ್ಕಿಲ್ಲ. ಆದರೂ 1897ರ ಲಂಡನ್ ಪ್ರದರ್ಶನದಿಂದ ಆರಂಭಿಸಿ, 1903ರಿಂದ 1943ರವರೆಗೆ ನ್ಯೂಯಾರ್ಕಿನ ಕೋನಿ ಐಲೆಂಡ್ ಎಂಬ ವಿನೋದಸ್ಥಳದಲ್ಲಿ, ಆತನು ಸಾವಿರಾರು ಕೂಸುಗಳನ್ನು ಉಳಿಸಿದ್ದು ನಿಜ. ಆ ಕಾಲದ ಅಮೆರಿಕದ ಆಸ್ಪತ್ರೆಗಳಲ್ಲಿ ಅಂಥ ಕೂಸುಗಳಿಗೆ ಸ್ಥಳವೇ ಇರಲಿಲ್ಲ. ತಂದೆತಾಯಿಗಳಿಂದ ಆತನು ಒಂದು ಕಾಸನ್ನೂ ತೆಗೆದುಕೊಳ್ಳಲಿಲ್ಲ. ಖರ್ಚೆಲ್ಲವೂ ನೋಟಕರ ಟಿಕೀಟಿನಿಂದ ಬರುತ್ತಿತ್ತು; 1933ರ ಷಿಕಾಗೋ ಪ್ರದರ್ಶನದಲ್ಲಿ ಅದು 25 ಸೆಂಟು.

ತಾಯಂದಿರ ಪಾಡೇನು? ಅವರಿಗೆ ಟಿಕೀಟಿಲ್ಲದೆ ಪ್ರವೇಶವಿತ್ತು. ಆದರೆ ಪ್ರವೇಶವು ಕಟಕಟೆಯವರೆಗೆ ಮಾತ್ರ. ಕೂಸಿನ ಆರೈಕೆಯಲ್ಲಿ ಅವರಿಗೆ ಪಾಲಿರಲಿಲ್ಲ. ಅಪರಿಚಿತನು 25 ಸೆಂಟು ಕೊಟ್ಟು ನೋಡುತ್ತಿದ್ದುದನ್ನು ಹೆತ್ತವಳು ಪುಕ್ಕಟೆಯಾಗಿ ನೋಡಬಹುದಾಗಿತ್ತು, ಅಷ್ಟೇ ಭೇದ. ಬೆಳೆದ ಕೂಸನ್ನು ಮನೆಗೆ ಕರೆದೊಯ್ಯುವಂತೆ ಕೆಲವು ತಂದೆತಾಯಿಗಳನ್ನು ಒಪ್ಪಿಸುವುದು ಕೌನಿಗೆ ಕಷ್ಟವಾಗುತ್ತಿತ್ತೆಂಬ ವೃತ್ತಾಂತವಿದೆ. ಬ್ಯುದಾನನ ಪುಟವು ಇಲ್ಲಿ ತಾನಾಗಿ ಮತ್ತೆ ತೆರೆದುಕೊಂಡಂತೆ ತೋರುತ್ತದೆ. ಆದರೂ ಕೌನಿಗೆ ನ್ಯಾಯ ಸಲ್ಲಬೇಕು. 1934ರ ಜುಲೈ 25ರಂದು ಷಿಕಾಗೋದಲ್ಲಿ ಆತನು ಒಂದು ಸಮಾರಂಭವನ್ನು ನಡೆಸಿದನು. ಹಿಂದಿನ ವರ್ಷ ಅಲ್ಲಿ ಬೆಳೆದ 58 ಕೂಸುಗಳಲ್ಲಿ 41 ತಮ್ಮ ತಾಯಂದಿರ ಸೊಂಟವೇರಿ ಬಂದುವು, ರೇಡಿಯೋದಲ್ಲಿ ಅದರ ವರ್ಣನೆಯೂ ಪ್ರಸಾರವಾಯಿತು. ಬದುಕಲಾರದೆಂದು ಇತರರು ಕೈಬಿಟ್ಟ ಕೂಸುಗಳಿವು.

ಷಿಕಾಗೋದಲ್ಲಿ ಕೌನಿಗೆ ನೆರವಾದವನು ಜೂಲಿಯಸ್ ಹೆಸ್ ಎಂಬ ಮಕ್ಕಳ ವೈದ್ಯನು. 1922ರಲ್ಲಿ ಅದೇ ನಗರದ ಆಸ್ಪತ್ರೆಯೊಂದರಲ್ಲಿ ಅಕಾಲಜಾತ ಶಿಶುಗಳ ಪ್ರತ್ಯೇಕ ವಿಭಾಗವನ್ನು ಆತನು ಸ್ಥಾಪಿಸಿದನು. ಎವೆಲಿನ್ ಲುಂಡೀನ್ ಎಂಬ ದಾದಿಯು ಅದನ್ನು ಕಟ್ಟುನಿಟ್ಟಾಗಿ ನಡೆಸಿದಳು. ಅಮೆರಿಕದ ಇತರ ವಿಭಾಗಗಳಿಗೆಲ್ಲ ಇದು ಮಾದರಿಯಾಯಿತು. ತಾಯಿ ತನ್ನ ಹಾಲನ್ನು ತಂದು ಕೊಡಬಹುದು, ಒಳಗೆ ಬರಲಾಗದು. ಈ ನಿಷೇಧವನ್ನು ಕ್ರೌರ್ಯವೆಂದು ಕರೆಯುವುದು ಸುಲಭ, ಆದರೆ ಚರಿತ್ರೆಗೆ ಒಪ್ಪುವ ಮಾತಲ್ಲ. ಸೋಂಕನ್ನು ಗುಣಪಡಿಸುವ ಔಷಧಗಳಿಲ್ಲದ ಕಾಲವದು. ಒಂದು ಕೂಸಿಗೆ ಭೇದಿ ಹತ್ತಿದರೆ ಕೋಣೆಯ ಕೂಸುಗಳೆಲ್ಲವೂ ಹೋಗಬಹುದಾಗಿತ್ತು. ಹೊರಗಿನಿಂದ ಬರುವ ಪ್ರತಿಯೊಬ್ಬನೂ ರೋಗವನ್ನು ತರುವವನೆಂದು ಭಾವಿಸಿದ ದಾದಿಯ ಭಯವು ನಿಷ್ಕಾರಣವಾದುದಲ್ಲ. ದೋಷವಿದ್ದುದು ಇನ್ನೊಂದೆಡೆ. ತಾಯಿಯಿಂದ ನಿಜವಾಗಿಯೂ ರೋಗ ಬರುತ್ತದೆಯೋ ಎಂದು ಯಾರೂ ಪರೀಕ್ಷಿಸಲಿಲ್ಲ. ಔಷಧಗಳು ಬಂದ ಮೇಲೂ, ಭಯದಿಂದ ಹುಟ್ಟಿದ ನಿಯಮವು ಶಿಸ್ತಿನ ನಿಯಮವಾಗಿ ಉಳಿಯಿತು. ಆಚಾರದ ಕಾರಣವು ಮರೆತುಹೋದ ಮೇಲೂ ಆಚಾರವು ನಡೆಯುತ್ತ ಹೋಗುವುದನ್ನು ಮಡಿಮೈಲಿಗೆಯ ಚರಿತ್ರೆಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಇಂಗ್ಲೆಂಡಿನ ನ್ಯೂಕಾಸಲ್ ನಗರದಲ್ಲಿ ಜೇಮ್ಸ್ ಸ್ಪೆನ್ಸ್ ಎಂಬ ವೈದ್ಯನು 1925ರಿಂದಲೇ ರೋಗಿಶಿಶುಗಳೊಡನೆ ತಾಯಂದಿರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಂಡನು, ಅಂಥವರು ವಿರಳ.

ಈ ಏರ್ಪಾಡಿನ ಅರ್ಥವು ಲೋಕಕ್ಕೆಲ್ಲ ಕಂಡದ್ದು 1963ರ ಆಗಸ್ಟಿನಲ್ಲಿ. ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗನಾದ ಪ್ಯಾಟ್ರಿಕ್, ಐದೂವರೆ ವಾರ ಮುಂಚಿತವಾಗಿ, ಆಗಸ್ಟ್ 7ರಂದು ಹುಟ್ಟಿದನು. ತೂಕ ಸುಮಾರು 2.1 ಕಿಲೋಗ್ರಾಂ, ಬ್ಯುದಾನನ ಲೆಕ್ಕದಲ್ಲಿ ಅಷ್ಟೇನೂ ಚಿಕ್ಕದಲ್ಲ. ಆದರೆ ಶ್ವಾಸಕೋಶಗಳು ಬಲಿತಿರಲಿಲ್ಲ. ಕೂಸನ್ನು ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಗೆ ಒಯ್ದರು. ಶಸ್ತ್ರಕ್ರಿಯೆಯಿಂದ ಹೆತ್ತ ತಾಯಿಯು ಹೆರಿಗೆಯಾದ ಸೈನಿಕ ಆಸ್ಪತ್ರೆಯಲ್ಲಿಯೇ ಉಳಿದಳು. ಆಗಸ್ಟ್ 9ರಂದು ಕೂಸು ತೀರಿಕೊಂಡಾಗ ತಂದೆ ಬಳಿಯಲ್ಲಿದ್ದನು, ತಾಯಿ ಇರಲಿಲ್ಲ. ಅಂತ್ಯಕ್ರಿಯೆಗೂ ಆಕೆ ಹೋಗಲಾರದೆ ಹೋದಳು. ಆ ರೋಗಕ್ಕೆ ಕಾರಣವು ಶ್ವಾಸಕೋಶದ ಒಳಮೈಯಲ್ಲಿ ಇರಬೇಕಾದ ಒಂದು ಜಾರುದ್ರವ್ಯದ ಅಭಾವವೆಂದು ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ ಎಂಬವರು 1959ರಲ್ಲಿಯೇ ಹೇಳಿದ್ದರು. ಆ ದ್ರವ್ಯವನ್ನು ಕೂಸಿಗೆ ಹಾಕಿ ಬದುಕಿಸಿದ ಜಪಾನಿನ ಫುಜಿವಾರ ಅವರ ವರದಿ ಬಂದದ್ದು 1980ರಲ್ಲಿ. ನಡುವಿನ 21 ವರ್ಷಗಳಲ್ಲಿ ಅದೇ ರೋಗದಿಂದ ಹೋದ ಕೂಸುಗಳ ಹೆಸರು ಪತ್ರಿಕೆಗಳಲ್ಲಿ ಬರಲಿಲ್ಲ.

ಅಷ್ಟರಲ್ಲಿ ‘ತೀವ್ರ ನಿಗಾ ಘಟಕ’ ಎಂಬ ಹೊಸ ಸಂಸ್ಥೆಯು ಹುಟ್ಟಿತ್ತು. 1960ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ಲೂಯಿಸ್ ಗ್ಲಕ್ ಅವರು ತೆರೆದ ಘಟಕವನ್ನು ಅಂಥವುಗಳಲ್ಲಿ ಮೊದಲನೆಯದೆಂದು ಎಣಿಸುವುದುಂಟು. ಸೋಂಕನ್ನು ತಡೆಯುವುದು ಗೋಡೆಗಳಿಗಿಂತ ತೊಳೆದ ಕೈಗಳಿಂದ ಸಾಧ್ಯವೆಂಬುದು ಅವರ ಕೆಲಸದಿಂದ ಸ್ಪಷ್ಟವಾಯಿತು. ಹಾಗಾದರೆ ತಾಯಿಯೂ ಕೈತೊಳೆದುಕೊಂಡು ಬರಬಹುದಲ್ಲವೇ? ಈ ಪ್ರಶ್ನೆಯನ್ನು ಪರೀಕ್ಷೆಗೊಡ್ಡಿದವರು ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡಿನ ವೈದ್ಯರು. ಬಾರ್ನೆಟ್ ಮತ್ತು ಅವರ ಸಂಗಡಿಗರು ತಾಯಂದಿರನ್ನು ಒಳಗೆ ಬಿಟ್ಟು, ಕಾವುಪೆಟ್ಟಿಗೆಯ ಕಿಂಡಿಗಳಲ್ಲಿ ಕೈಯಿಟ್ಟು ಕೂಸನ್ನು ಮುಟ್ಟಲು ಅವಕಾಶಕೊಟ್ಟರು. ಸೋಂಕು ಹೆಚ್ಚಲಿಲ್ಲ. ಅವರ ಲೇಖನವು 1970ರಲ್ಲಿ ಪ್ರಕಟವಾಯಿತು. ಐವತ್ತು ವರ್ಷ ಬಾಗಿಲನ್ನು ಹಾಕಿಟ್ಟ ಕಾರಣವು ಪರೀಕ್ಷೆಗೆ ನಿಲ್ಲಲಿಲ್ಲ.

ಅದೇ ವರ್ಷ ಕ್ಲೌಸ್ ಮತ್ತು ಕೆನೆಲ್ ಎಂಬ ವೈದ್ಯರ ಬಳಗವು ತಾಯಿ ತನ್ನ ಕೂಸನ್ನು ಮೊದಲ ಬಾರಿಗೆ ಮುಟ್ಟುವ ಕ್ರಮವನ್ನು ವರ್ಣಿಸಿತು. ದಿನ ತುಂಬಿದ ಕೂಸಿನ ತಾಯಿ ಮೊದಲು ಬೆರಳ ತುದಿಗಳಿಂದ ಕೈಕಾಲುಗಳನ್ನು ಸವರಿ, ಕೆಲವು ನಿಮಿಷಗಳಲ್ಲಿಯೇ ಅಂಗೈಯನ್ನು ಮೈಮೇಲೆ ಇಡುತ್ತಾಳೆ. ದಿನ ತುಂಬದ ಕೂಸಿನ ತಾಯಿಗೂ ಕ್ರಮವು ಅದೇ; ಆದರೆ ಬೆರಳ ತುದಿಯಿಂದ ಅಂಗೈಗೆ ಬರಲು ಆಕೆಗೆ ಹಲವು ಭೇಟಿಗಳು ಬೇಕಾಗುತ್ತವೆ. ತಾಯಿಕೂಸುಗಳ ಬೆಸುಗೆಗೆ ಹುಟ್ಟಿದೊಡನೆಯ ಕೆಲವು ಗಂಟೆಗಳೇ ನಿರ್ಣಾಯಕವೆಂಬಂತೆ ಇವರು ಕಟ್ಟಿದ ಸಿದ್ಧಾಂತವನ್ನು ಅನಂತರದ ವಿದ್ವಾಂಸರು ಖಂಡಿಸಿದರು, ಅವರೂ ಅದನ್ನು ಸಡಿಲಿಸಿದರು. ಖಂಡನೆಯು ಸರಿಯಾದುದೇ, ಆ ಮಾತು ನಿಜವಾಗಿದ್ದರೆ ಕೋಣೆಯ ಹೊರಗೆ ನಿಂತ ಸಾವಿರಾರು ತಾಯಂದಿರು ಮುಂದೆ ತಮ್ಮ ಮಕ್ಕಳನ್ನು ಪ್ರೀತಿಸಿದ್ದು ಅಸಾಧ್ಯವಾಗುತ್ತಿತ್ತು. ಬೆರಳ ತುದಿಯ ವರ್ಣನೆಯು ಮಾತ್ರ ಉಳಿದಿದೆ.

ಬಾಗಿಲು ತೆರೆದರೂ ಮಾತಿಗೆ ಎಡೆ ದೊರೆಯಲಿಲ್ಲ. 1976ರ ಕೊನೆಯಲ್ಲಿ ಸುಮಾರು 800 ಗ್ರಾಂ ತೂಕದ ಮಗನನ್ನು ಪಡೆದ ಸ್ಟಿನ್ಸನ್ ದಂಪತಿಗಳು, ಆರು ತಿಂಗಳ ಕಾಲ ಯಂತ್ರಗಳ ಆಸರೆಯಲ್ಲಿ ನರಳಿ ತೀರಿಕೊಂಡ ಆ ಕೂಸಿನ ವಿಷಯದಲ್ಲಿ ತಮ್ಮ ಅಭಿಪ್ರಾಯಕ್ಕೆ ಬೆಲೆಯಿರಲಿಲ್ಲವೆಂದು 1983ರ ತಮ್ಮ ಗ್ರಂಥದಲ್ಲಿ ದಿನಚರಿಯ ರೂಪದಲ್ಲಿ ಬರೆದರು. ಎರಡು ವರ್ಷಗಳ ತರುವಾಯ ಅಮೆರಿಕದ ಇನ್ನೊಬ್ಬ ತಾಯಿಗೆ ಇನ್ನೂ ಘೋರವಾದ ಸಂಗತಿಯೊಂದು ತಿಳಿದುಬಂದಿತು: 1985ರಲ್ಲಿ ಆಕೆಯ ಅಕಾಲಜಾತ ಶಿಶುವಿಗೆ ಎದೆಯನ್ನು ಸೀಳಿ ಶಸ್ತ್ರಕ್ರಿಯೆ ಮಾಡಿದಾಗ, ಮೈ ಅಲುಗದಂತೆ ಮಾಡುವ ಔಷಧವನ್ನು ಕೊಟ್ಟಿದ್ದರೇ ಹೊರತು ನೋವನ್ನು ತಡೆಯುವುದನ್ನು ಕೊಟ್ಟಿರಲಿಲ್ಲ. ಕೂಸು ಕೆಲವು ವಾರಗಳಲ್ಲಿ ತೀರಿಕೊಂಡಿತು. ಇದು ಒಬ್ಬ ವೈದ್ಯನ ಪ್ರಮಾದವಾಗಿರದೆ ಅಂದಿನ ವಾಡಿಕೆಯೇ ಆಗಿತ್ತು. ಎಳೆಗೂಸಿಗೆ ನೋವು ತಿಳಿಯದು, ಅರಿವಳಿಕೆಯನ್ನು ಅದು ತಾಳಲಾರದು ಎಂದು ನಂಬಿದ್ದರು. ಆಕೆ ಪತ್ರಗಳನ್ನು ಬರೆದಳು, ಪತ್ರಿಕೆಗಳಿಗೆ ಹೇಳಿದಳು. ಅದೇ ವೇಳೆಗೆ ಭಾರತೀಯ ಮೂಲದ ವೈದ್ಯರಾದ ಕನ್ವಲ್ಜೀತ್ ಆನಂದ್ ಅವರು ಆಕ್ಸ್‌ಫರ್ಡಿನಲ್ಲಿ ಇದನ್ನೇ ಪರೀಕ್ಷಿಸುತ್ತಿದ್ದರು. ನೋವನ್ನು ತಡೆಯುವ ಮದ್ದನ್ನು ಪಡೆದ ಅಕಾಲಜಾತ ಶಿಶುಗಳು ಶಸ್ತ್ರಕ್ರಿಯೆಯನ್ನು ಹೆಚ್ಚು ಚೆನ್ನಾಗಿ ತಾಳಿಕೊಂಡುವೆಂಬ ಅವರ ವರದಿ 1987ರಲ್ಲಿ ಬಂದಿತು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯು ತನ್ನ ನಿಲುವನ್ನು ಬದಲಿಸಿ ಪ್ರಕಟಿಸಿತು. ಪ್ರಯೋಗಶಾಲೆಯಿಂದ ಬಂದ ಸತ್ಯಕ್ಕೂ ದುಃಖದಿಂದ ಬಂದ ಸತ್ಯಕ್ಕೂ ಇಲ್ಲಿ ಅಪರೂಪಕ್ಕೆ ಸಂಧಿಯಾಯಿತು.

ತಾಯಿಯನ್ನು ಪೂರ್ಣವಾಗಿ ಒಳಗೆ ಕರೆದ ಆಸ್ಪತ್ರೆಗಳು ಶ್ರೀಮಂತ ದೇಶಗಳವಲ್ಲ. ಎಸ್ಟೋನಿಯದ ಟಾಲಿನ್ ನಗರದಲ್ಲಿ ದಾದಿಯರು ಸಾಲದಾಗ ಆದಿಕ್ ಲೆವಿನ್ ಅವರು 1979ರಲ್ಲಿ ಕೂಸುಗಳ ಆರೈಕೆಯನ್ನು ತಾಯಂದಿರಿಗೇ ಒಪ್ಪಿಸಿದರು. ಅದಕ್ಕೂ ಒಂದು ವರ್ಷ ಮುಂಚೆ, 1978ರಲ್ಲಿ, ದಕ್ಷಿಣ ಅಮೆರಿಕದ ಬೊಗೊಟ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಎಡ್ಗರ್ ರೇ ಅವರು ಇನ್ನೊಂದು ದಾರಿಯನ್ನು ಹಿಡಿದಿದ್ದರು. ಅಲ್ಲಿ ಕಾವುಪೆಟ್ಟಿಗೆಗಳು ಕಡಿಮೆ, ಒಂದೊಂದರಲ್ಲಿ ಒಂದಕ್ಕಿಂತ ಹೆಚ್ಚು ಕೂಸುಗಳು, ಸೋಂಕು, ಸಾವು, ತೊರೆದುಹೋಗುವ ತಾಯಂದಿರೂ ಇದ್ದರು. ರೇ ಅವರು, ಮರುವರ್ಷ ಅವರೊಡನೆ ಸೇರಿದ ಹೆಕ್ಟರ್ ಮಾರ್ಟಿನೆಸ್ ಅವರು, ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಯ ನಡುವೆ ನೆಟ್ಟಗೆ ಇರಿಸಿ ಬಟ್ಟೆಯಿಂದ ಕಟ್ಟಿದರು. ಹಗಲೂ ರಾತ್ರಿಯೂ ಅದು ಅಲ್ಲಿಯೇ. ಆಹಾರವು ತಾಯಿಯ ಹಾಲು. ಚೀಲದಲ್ಲಿ ಮರಿಯನ್ನು ಹೊರುವ ಕಾಂಗರೂವಿನ ಹೆಸರು ಈ ಪದ್ಧತಿಗೆ ಬಂದಿತು. ಹೀಗೆ ಕೋಳಿಯಿಂದ ಹೊರಟ ಚರಿತ್ರೆಯು ಕಾಂಗರೂವಿಗೆ ಬಂದು ಮುಟ್ಟಿತು.

ಬೊಗೊಟದ ಮೊದಲ ವರದಿಗಳನ್ನು ಅಕ್ಷರಶಃ ನಂಬಲಾಗದು. ಹುಟ್ಟಿದ ಕೆಲವೇ ದಿನಗಳಲ್ಲಿ ಸತ್ತ ಕೂಸುಗಳನ್ನು ಬಿಟ್ಟು ಉಳಿದವುಗಳ ಲೆಕ್ಕವನ್ನು ಮಾತ್ರ ಅಲ್ಲಿ ಕೊಟ್ಟಿದ್ದರೆಂದು ಇಬ್ಬರು ಬ್ರಿಟಿಷ್ ವೈದ್ಯರು 1985ರಲ್ಲಿ ತೋರಿಸಿದರು. ಆ ಟೀಕೆಗೆ ಉತ್ತರವು ಅದೇ ನಗರದಿಂದ ನತಾಲಿ ಶಾರ್ಪಾಕ್ ಅವರ ಬಳಗದ ವ್ಯವಸ್ಥಿತ ಪರೀಕ್ಷೆಗಳಿಂದ ಬರತೊಡಗಿತು. 1997ರಲ್ಲಿ ಪ್ರಕಟವಾದ ಅವರ ಕೂಸುಗಳನ್ನು ಇಪ್ಪತ್ತು ವರ್ಷದ ತರುಣರಾಗುವವರೆಗೂ ಹಿಂಬಾಲಿಸಿ ನೋಡಿದರು. ಆದರೂ ಒಂದು ನಿರ್ಬಂಧವು ಎಲ್ಲೆಡೆಯೂ ಉಳಿದಿತ್ತು: ಕೂಸಿನ ಸ್ಥಿತಿಯು ಸ್ಥಿರವಾದ ಮೇಲೆಯೇ ತಾಯಿಯ ಎದೆ, ಅಲ್ಲಿಯವರೆಗೆ ಪೆಟ್ಟಿಗೆ.

ಈ ಕೊನೆಯ ನಿರ್ಬಂಧವನ್ನು ಮುರಿದ ಪರೀಕ್ಷೆಯಲ್ಲಿ ಭಾರತವೂ ಸೇರಿದೆ. ಘಾನಾ, ಮಲಾವಿ, ನೈಜೀರಿಯ, ಟಾಂಜಾನಿಯಗಳೊಡನೆ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಪಾಲ್ಗೊಂಡ, ವಿಶ್ವ ಆರೋಗ್ಯ ಸಂಸ್ಥೆಯು ನಡೆಸಿದ ಈ ಪರೀಕ್ಷೆಯ ಫಲವು 2021ರಲ್ಲಿ ಪ್ರಕಟವಾಯಿತು. 1 ಕಿಲೋಗ್ರಾಮಿನಿಂದ 1.8 ಕಿಲೋಗ್ರಾಮಿನ ಒಳಗಿನ 3,211 ಕೂಸುಗಳು. ಒಂದು ಗುಂಪಿನಲ್ಲಿ ಹುಟ್ಟಿದೊಡನೆಯೇ ತಾಯಿಯ ಎದೆ. ಇನ್ನೊಂದರಲ್ಲಿ ಸ್ಥಿರವಾದ ಮೇಲೆ. 28 ದಿನಗಳೊಳಗೆ ಸತ್ತವರು ಮೊದಲನೆಯದರಲ್ಲಿ ನೂರಕ್ಕೆ 12, ಎರಡನೆಯದರಲ್ಲಿ 15.7. ಭೇದವು ಇಷ್ಟು ಸ್ಪಷ್ಟವಾದುದರಿಂದ ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. 2022ರಲ್ಲಿ ಆ ಸಂಸ್ಥೆಯು ತನ್ನ ಸಲಹೆಯನ್ನು ಇದಕ್ಕನುಗುಣವಾಗಿ ತಿದ್ದಿತು. ಪರೀಕ್ಷೆಗಾಗಿ ಒಂದು ಹೊಸ ಬಗೆಯ ಕೋಣೆಯನ್ನು ಏರ್ಪಡಿಸಬೇಕಾಯಿತು: ತೀವ್ರ ನಿಗಾ ಘಟಕದ ಒಳಗೇ ತಾಯಿಯ ಮಂಚ. ಬಾಣಂತಿಯ ಆರೈಕೆಯೂ ಅಲ್ಲಿಯೇ, ಕೂಸಿನ ಆರೈಕೆಯೂ ಅಲ್ಲಿಯೇ. 2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಕೂಸುಗಳು ದಿನ ತುಂಬದೆ ಹುಟ್ಟಿದುವೆಂಬ ಅಂದಾಜನ್ನು ನೆನೆದರೆ ಈ ಮಂಚದ ಪ್ರಾಮುಖ್ಯವು ತಿಳಿಯುವುದು.

ಮಂಚವನ್ನು ಎಲ್ಲ ಆಸ್ಪತ್ರೆಗಳಲ್ಲಿ ಹಾಕಿಸುವುದು ಬೇರೆಯೇ ಕೆಲಸ. ಕರ್ನಾಟಕದ ಕೊಪ್ಪಳ ಜಿಲ್ಲೆಯು ಹರಿಯಾಣ, ಉತ್ತರ ಪ್ರದೇಶಗಳ ಜಿಲ್ಲೆಗಳೊಡನೆ ಇದರ ಪ್ರಯೋಗಕ್ಷೇತ್ರವಾಯಿತು. ಜಿಲ್ಲೆಯೊಂದರ ಕಡಿಮೆ ತೂಕದ ಕೂಸುಗಳಿಗೆಲ್ಲ ತಾಯಿಯ ಎದೆಯ ಕಾವು ದೊರೆಯುವಂತೆ ಮಾಡುವುದು ಹೇಗೆಂಬುದೇ ಅಲ್ಲಿಯ ವಿಚಾರ. ಏಳು ತಿಂಗಳಿಗೆ ಹುಟ್ಟಿದ ಕೂಸನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ಅಗ್ಗಿಷ್ಟಿಕೆಯ ಬಳಿ ಬಾಣಂತಿಯ ಮಗ್ಗುಲಲ್ಲಿ ಮಲಗಿಸುತ್ತಿದ್ದ ನಾಡಿನ ಮುದುಕಿಯರಿಗೆ ಈ ವಿಚಾರದ ಅರ್ಧಭಾಗವು ಹೊಸದಾಗಿ ತೋರಲಾರದು. ಹೊಗೆಯನ್ನು ಮಾತ್ರ ಬಿಡಬೇಕಾಗಿತ್ತು. ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯಲ್ಲಿ ತಂದೆತಾಯಿಗಳಿಗೆ ಕೈತೊಳೆಯುವುದು, ಹಾಲೂಡುವುದು, ಅಪಾಯದ ಚಿಹ್ನೆಗಳನ್ನು ಗುರುತಿಸುವುದು ಇವನ್ನು ಕಲಿಸಿ, ಘಟಕದೊಳಗಿನ ಆರೈಕೆಯಲ್ಲಿ ಸೇರಿಸಿಕೊಂಡರು. ಅಲ್ಲಿಯೂ ಸೋಂಕು ಹೆಚ್ಚಲಿಲ್ಲ, ಬರಿಯ ಮೊಲೆಹಾಲಿನಲ್ಲಿ ಬೆಳೆಯುವ ಕೂಸುಗಳ ಸಂಖ್ಯೆ ಮಾತ್ರ ಹೆಚ್ಚಿತು. ಸ್ಟ್ಯಾನ್‌ಫರ್ಡಿನ ಪ್ರಶ್ನೆಗೆ ಸುಮಾರು ಅರ್ಧ ಶತಮಾನದ ತರುವಾಯ ದೆಹಲಿಯಲ್ಲಿ ಮತ್ತೊಮ್ಮೆ ಅದೇ ಉತ್ತರವನ್ನು ಕೊಡಬೇಕಾಯಿತು. ಕೇಂದ್ರ ಸರ್ಕಾರವು 2017ರಲ್ಲಿ ಈ ಕ್ರಮವನ್ನು ಅನುಸರಿಸುವಂತೆ ಮಾರ್ಗಸೂಚಿಯನ್ನು ಹೊರಡಿಸಿತು. ತಾಯಿಯೊಬ್ಬಳನ್ನೇ ಒಳಗೆ ಕರೆಯುವ ಏರ್ಪಾಡು ಇದಲ್ಲ. ಹೆರಿಗೆಯ ಆಯಾಸದಿಂದ ಆಕೆ ಏಳಲಾರದ ದಿನಗಳಲ್ಲಿ ತಂದೆಯೋ, ಅಜ್ಜಿಯೋ, ಚಿಕ್ಕಮ್ಮನೋ ಕೈತೊಳೆದುಕೊಂಡು, ನಿಲುವಂಗಿಯನ್ನು ತೊಟ್ಟು, ಕೂಸನ್ನು ಎದೆಗೆ ಕಟ್ಟಿಕೊಂಡು ಕುಳಿತುಕೊಳ್ಳಬಹುದು.